ಅಣ್ಣನಿಗೊಬ್ಬ ಅಕ್ಕ

 

ಶರಣರು ಒಬ್ಬರನ್ನೊಬ್ಬರು ಕರೆದುಕೊಂಡ ರೀತಿಯನ್ನು ಗಮನವಿಟ್ಟು ನೋಡಿದರೆ ಒಂದು ಸೋಜಿಗವು ಕಾಣುವುದು. ಅರಸನ ಓಲಗದಲ್ಲಿ ದಂಡನಾಯಕ, ಮಹಾಪ್ರಧಾನ, ಭಂಡಾರಿ ಎಂಬ ಪದವಿಗಳಿದ್ದವು. ಅಗ್ರಹಾರಗಳಲ್ಲಿ ಭಟ್ಟ, ಉಪಾಧ್ಯಾಯ, ಚತುರ್ವೇದಿ ಎಂಬ ಉಪಾಧಿಗಳಿದ್ದವು. ಶರಣರ ನಡುವೆ ಸಂದುವು ಅಯ್ಯ, ಅಪ್ಪ, ಅಣ್ಣ, ಅಕ್ಕ, ಅವ್ವೆ ಎಂಬ ಮನೆಯ ಮಾತುಗಳೇ. ಬಟ್ಟೆಯೊಗೆಯುವ ಮಾಚನು ಮಾಚಯ್ಯನಾದನು. ಹಡಪ ಹಿಡಿಯುವವನು ಅಪ್ಪಣ್ಣನಾದನು. ಉಡುತಡಿಯ ಮಹಾದೇವಿಯವರು ವಯಸ್ಸಿನಲ್ಲಿ ಕಿರಿಯರಾಗಿದ್ದರೂ ತಲೆನೆರೆತವರಿಗೂ ಅಕ್ಕನಾದರು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವರಸರಂತೂ ಅಣ್ಣನಾದರು. ಎಷ್ಟರಮಟ್ಟಿಗೆಂದರೆ, ಈ ನಾಡಿನಲ್ಲಿ ಇಂದಿಗೂ ‘ಅಣ್ಣನವರು’ ಎಂದಷ್ಟೇ ಅಂದರೆ ಯಾವ ಅಣ್ಣನೆಂದು ಕೇಳುವವರಿಲ್ಲ.

ಹೀಗೆ ಲೋಕಕ್ಕೆಲ್ಲ ಅಣ್ಣನಾದವರನ್ನು ‘ತಮ್ಮಾ’ ಎಂದು ಕರೆಯುವ ಅಧಿಕಾರವು ಒಬ್ಬರಿಗಿದ್ದಿತು. ಅವರೇ ಅಕ್ಕನಾಗಮ್ಮನವರು. ಪುರಾಣಗಳಲ್ಲಿ ನಾಗಲಾಂಬಿಕೆಯೆಂದೂ, ಹಳ್ಳಿಗಳ ಹಾಡು ಮಾತುಗಳಲ್ಲಿ ನಾಗಮ್ಮನೆಂದೂ, ನಾಗಾಯಿಯೆಂದೂ ಅವರ ಹೆಸರು ಬರುವುದು. ಕೆಲವರ ಹೆಸರಿನ ಹಿಂದೆ ‘ಅಕ್ಕ’ ಎಂಬುದು ಸೇರಿತು: ಮುಕ್ತಾಯಕ್ಕ, ಸತ್ಯಕ್ಕ, ಹೀಗೆ. ಇವರಲ್ಲಿ ಆ ಪದವು ಹೆಸರಿನ ಮುಂದೆಯೇ ನಿಂತಿತು. ಅದು ಬಿರುದಾಗಿ ಬಂದುದಲ್ಲ. ಬಾಗೇವಾಡಿಯ ಮನೆಯ ಪಡಸಾಲೆಯಲ್ಲಿ ಅಂಬೆಗಾಲಿಡುತ್ತಿದ್ದ ಒಂದು ಕೂಸಿನ ತೊದಲಿನಿಂದ ಬಂದುದು. ತೊದಲು ಮುಂದೆ ಒಂದು ಸಮಾಜದ ಭಾಷೆಯಾಯಿತೆಂದು ಹೇಳಿದರೆ ಅದು ಅತಿಶಯೋಕ್ತಿಯೆಂದು ತೋರಬಹುದು. ಆದರೆ ಪರರನ್ನು ಅಣ್ಣನೆಂದೂ ಅಕ್ಕನೆಂದೂ ಮನಸಾರ ಕರೆಯಬಲ್ಲವನು ಆ ಸಂಬಂಧಗಳ ಸವಿಯನ್ನು ಮೊದಲು ಎಲ್ಲಿಯೋ ಉಂಡಿರಬೇಕಷ್ಟೆ.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ನೆನೆಯಬೇಕು. ಬಸವಣ್ಣನವರ ವಂಶವನ್ನು ಕುರಿತು ಹೇಳುವ ಶಿಲಾಶಾಸನವೊಂದುಂಟು. ಅದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತುದು, ಕಾಲ ೧೨೬೦, ಆಗ ಆಳುತ್ತಿದ್ದವನು ದೇವಗಿರಿಯ ಯಾದವರ ಕನ್ನರದೇವ. ಬಸವಣ್ಣನವರು ಲಿಂಗೈಕ್ಯರಾಗಿ ಇನ್ನೂ ನೂರು ವರ್ಷಗಳು ತುಂಬಿರಲಿಲ್ಲವಾದುದರಿಂದ ವಿದ್ವಾಂಸರು ಅದಕ್ಕೆ ಬಹಳ ಬೆಲೆಯನ್ನು ಕೊಡುವರು. ಬಾಗೇವಾಡಿಯ ಮಾದಿರಾಜನ ಮಗನೆಂದು ಬಸವರಾಜರನ್ನು ಅದು ಹೆಸರಿಸುವುದು; ದೇವರಾಜನೆಂಬ ಅವರ ಅಣ್ಣನನ್ನೂ ಅವನ ಸಂತತಿಯನ್ನೂ ಹೇಳುವುದು. ದಾನದ ಭೂಮಿಯು ಯಾರ ಕೈಗೆ ಸಲ್ಲಬೇಕೆಂಬುದನ್ನು ಸ್ಥಿರಪಡಿಸುವುದೇ ಶಾಸನದ ಕಾರ್ಯವಾದುದರಿಂದ ಗಂಡುಸಂತತಿಯ ಎಣಿಕೆಯು ಅದಕ್ಕೆ ಸಾಕಾಯಿತು. ಕಲ್ಲು ಅಣ್ಣನನ್ನು ನೆನಪಿಟ್ಟಿತು. ಜನರೋ, ಆ ದೇವರಾಜನನ್ನು ಮರೆತೇಬಿಟ್ಟರು! ಶಾಸನವು ಬೆಳಕಿಗೆ ಬರುವವರೆಗೆ ಬಸವಣ್ಣನವರಿಗೊಬ್ಬ ಅಣ್ಣನಿದ್ದನೆಂಬುದೇ ಸಾಮಾನ್ಯ ಭಕ್ತರಿಗೆ ತಿಳಿದಿರಲಿಲ್ಲ. ಅಕ್ಕನ ಹೆಸರನ್ನು ಮಾತ್ರ ಯಾವ ಕಲ್ಲಿನ ಸಹಾಯವೂ ಇಲ್ಲದೆ ಎಂಟುನೂರು ವರ್ಷಗಳಿಗೂ ಮಿಕ್ಕಿ ಹೊತ್ತು ತಂದರು. ತೊಟ್ಟಿಲಲ್ಲಿ ಮಲಗಿದ ಹೆಣ್ಣುಕೂಸುಗಳಿಗೆ ಆ ಹೆಸರನ್ನಿಟ್ಟರು. ಆಸ್ತಿಯ ಲೆಕ್ಕವೇ ಬೇರೆ, ಒಲವಿನ ಲೆಕ್ಕವೇ ಬೇರೆಯೆಂದು ತೋರುವುದು.

ಬಾಗೇವಾಡಿಯಿಂದ ಬಸವಣ್ಣನವರು ಹೊರಟುಬಂದ ಕಥೆಯನ್ನು ಕವಿಗಳು ಎರಡು ರೀತಿಯಾಗಿ ಹೇಳಿರುವರು. ಹರಿಹರದೇವನ ರಗಳೆಯಲ್ಲಿ ತಾಯಿತಂದೆಗಳು ಎಳವೆಯಲ್ಲಿಯೇ ಅಗಲುವರು. ಮುತ್ತವ್ವೆಯು ಮಗುವನ್ನು ಸಲಹುವಳು. ಹದಿನಾರರ ಹರೆಯದಲ್ಲಿ ಬಸವಣ್ಣನವರು ಜನಿವಾರವನ್ನು ಕಿತ್ತೊಗೆದು ಕಪ್ಪಡಿಯ ಸಂಗಮಕ್ಕೆ ನಡೆಯುವರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ ೧೩೬೯ರಲ್ಲಿ ಭೀಮಕವಿಯು ಕನ್ನಡದಲ್ಲಿ ರಚಿಸಿದ ಬಸವಪುರಾಣದಲ್ಲಿಯೂ ತಂದೆಯು ಇನ್ನೂ ಬದುಕಿರುವನು. ಉಪನಯನದ ಸಂಭ್ರಮವು ಮನೆಯಲ್ಲಿ ನಡೆದಿರುವಾಗ ಬಾಲಕನು ಅದನ್ನು ನಿರಾಕರಿಸುವನು. ತಂದೆಗೂ ಮಗನಿಗೂ ವಾದವಾಗುವುದು. ಮಗನು ಮನೆಯನ್ನು ಬಿಡುವನು. ಆಗ ಅವನ ಬೆನ್ನ ಹಿಂದೆ ಹೊಸ್ತಿಲನ್ನು ದಾಟಿದವರು ಅಕ್ಕ.

ರಗಳೆಯ ಪಕ್ಷವೇ ಚರಿತ್ರೆಗೆ ಹೆಚ್ಚು ಹತ್ತಿರವೆಂದು ವಾದಿಸುವವರುಂಟು. ಅವರ ವಾದದಲ್ಲಿ ಹುರುಳೂ ಉಂಟು. ಆದರೆ ಜನರ ಅಂತಃಕರಣವು ಆರಿಸಿಕೊಂಡುದು ಎರಡನೆಯ ಕಥೆಯನ್ನು. ಅಷ್ಟೇ ಅಲ್ಲದೆ ಅದಕ್ಕೆ ಒಂದು ಪ್ರಶ್ನೆಯನ್ನೂ ಜನರು ಸೇರಿಸಿದರು. “ಅಕ್ಕನು ನನಗಿಂತ ಹಿರಿಯಳಲ್ಲವೆ? ಅವಳಿಗಿಲ್ಲದ ಉಪನಯನವು ನನಗೇತಕ್ಕೆ?” ಎಂದು ಬಾಲಕನು ಕೇಳಿದನಂತೆ. ಈ ಮಾತು ಪುರಾಣದ ಪುಟಗಳಿಗಿಂತ ಹೆಚ್ಚಾಗಿ ಜನರ ಬಾಯಿಯಲ್ಲಿ ಬಾಳಿದುದು. ಹಾಗೆಂದು ಅದನ್ನು ಹಗುರಾಗಿ ಕಾಣಲಾಗದು. ಒಂದೇ ಮನೆಯ ಎರಡು ಮಕ್ಕಳು. ಒಂದೇ ತಾಯ ಎದೆಹಾಲನ್ನು ಉಂಡವರು. ಒಬ್ಬನಿಗೆ ಮಂತ್ರಕ್ಕೆ ಅಧಿಕಾರ, ಇನ್ನೊಬ್ಬಳಿಗಿಲ್ಲ. ಈ ಭೇದವನ್ನು ಶಾಸ್ತ್ರಗ್ರಂಥಗಳಲ್ಲಿ ಓದಿ ಖಂಡಿಸುವ ಪಂಡಿತರು ಬೇಕಾದಷ್ಟಿದ್ದಾರು. ಅಕ್ಕನ ಮುಖವನ್ನು ಕಂಡು ಅದನ್ನು ಅರಿತ ಬಾಲಕನ ಅರಿವು ಬೇರೆಯದು. ಮುಂದೆ ಶರಣಧರ್ಮದಲ್ಲಿ ಲಿಂಗದೀಕ್ಷೆಯು ಗಂಡಿಗೆಂತೋ ಹೆಣ್ಣಿಗೂ ಅಂತೆಯೇ ಎಂದು ನಿಂತಿತು. ಹುಟ್ಟಿದ ಕೂಸು ಹೆಣ್ಣೋ ಗಂಡೋ ಎಂಬುದನ್ನು ನೋಡದೆ ಅದರ ಕೊರಳಿಗೆ ಲಿಂಗವನ್ನು ಕಟ್ಟುವ ಸಂಪ್ರದಾಯವು ಮನೆಮನೆಯಲ್ಲಿ ನೆಲೆಗೊಂಡಿತು. ಬಾಗೇವಾಡಿಯ ಪಡಸಾಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಇದೇ ಅಲ್ಲವೆ?

ಪ್ರಶ್ನೆ ಕೇಳಿದವನ ಧೈರ್ಯವನ್ನು ಎಲ್ಲರೂ ಹೊಗಳುವರು. ಆ ಪ್ರಶ್ನೆಗೆ ಕಾರಣಳಾಗಿ ನಿಂತ ಅಕ್ಕನ ಪಾಡನ್ನು ಸ್ವಲ್ಪ ಯೋಚಿಸಬೇಕು. ಮನೆಯನ್ನು ಬಿಟ್ಟುಹೋಗುವ ಗಂಡುಮಗನಿಗೆ ಲೋಕದಲ್ಲಿ ಒಂದು ದಾರಿಯುಂಟು. ಗುರುಕುಲವುಂಟು, ಮಠವುಂಟು, ಅರಸನ ಊಳಿಗವುಂಟು. ಹೆಣ್ಣುಮಗಳಿಗೆ ತವರಿನ ಬಾಗಿಲೊಂದು ಮುಚ್ಚಿತೆಂದರೆ ಹಬ್ಬಕ್ಕೆ ಕರೆಯುವವರಿಲ್ಲ, ಬಾಣಂತನಕ್ಕೆ ಎಡೆಯಿಲ್ಲ, ಉಡಿತುಂಬಿ ಕಳಿಸುವ ಕೈಯಿಲ್ಲ. ಅಗ್ರಹಾರದ ಮನೆಯೊಂದರ ಮಗಳು ಹುಡುಗನಾದ ತಮ್ಮನ ಜೊತೆಯಲ್ಲಿ, ತಂದೆಯ ಮಾತಿಗೆ ಇದಿರಾಗಿ, ಎರಡು ಮೂರು ದಿನದ ಹಾದಿಯನ್ನು ಹಿಡಿದು ಕೃಷ್ಣಾ ಮಲಾಪಹಾರಿಗಳು ಕೂಡುವ ಸಂಗಮಕ್ಕೆ ನಡೆದುದೆಂದರೆ, ಆಕೆ ತನ್ನ ತವರನ್ನು ತಾನೇ ಕಳೆದುಕೊಂಡಂತಾಯಿತು. ತಮ್ಮನೊಬ್ಬನಿರುವೆಡೆಯೇ ಇನ್ನು ತವರು ಎಂದು ಆಕೆ ಬಗೆದಿರಬೇಕು.

ಅರುವತ್ತುಮೂವರು ಪುರಾತನರ ಚರಿತ್ರೆಯನ್ನು ಬಲ್ಲವರಿಗೆ ಈ ಎಡೆಯಲ್ಲಿ ಇನ್ನೊಬ್ಬ ಅಕ್ಕನ ನೆನಪಾಗದೆ ಇರದು. ತಮಿಳುನಾಡಿನ ತಿರುನಾವುಕ್ಕರಸರು ಏಳನೆಯ ಶತಮಾನದವರು. ಬಾಲಕರಾದ ಸಂಬಂಧರು ಅವರನ್ನು ‘ಅಪ್ಪಾ’ ಎಂದು ಕರೆದುದರಿಂದ ಅಪ್ಪರ್ ಎಂದೇ ಪ್ರಸಿದ್ಧರು. ಅವರ ಅಕ್ಕ ತಿಲಕವತಿ. ಸೇಕ್ಕಿಳಾರರು ಹನ್ನೆರಡನೆಯ ಶತಮಾನದಲ್ಲಿ ಬರೆದ ಪೆರಿಯಪುರಾಣದಲ್ಲಿ ಆಕೆಯ ಕಥೆಯುಂಟು. ತಾಯಿತಂದೆಗಳು ತೀರಿಕೊಂಡರು. ವಿವಾಹಕ್ಕೆಂದು ನಿಶ್ಚಯವಾಗಿದ್ದ ವರನು ದಂಡಿನಾಳಾಗಿ ಹೋಗಿ ಯುದ್ಧದಲ್ಲಿ ಮಡಿದನು. ಇನ್ನು ಬದುಕಲೊಲ್ಲೆನೆಂದು ತಿಲಕವತಿಯು ಸಾಯಲು ನಿಶ್ಚಯಿಸಿದಳು. ಎಳೆಯನಾದ ತಮ್ಮನು ಅವಳ ಕಾಲಮೇಲೆ ಬಿದ್ದು ಅತ್ತನು. ನೀನೂ ಹೋದರೆ ನಿನಗಿಂತ ಮೊದಲು ನಾನೇ ಹೋಗುವೆನೆಂದನು. ಆ ಒಬ್ಬನಿಗಾಗಿ ಅವಳು ಉಸಿರನ್ನು ಹಿಡಿದುಕೊಂಡಳು. ಆ ತಮ್ಮನು ಬೆಳೆದು ಜೈನಮತವನ್ನು ಸೇರಿ ಅಲ್ಲಿ ಆಚಾರ್ಯಪದವಿಗೇರಿದಾಗ ಅವಳು ಅವನನ್ನು ಹಳಿಯುತ್ತ ಕೂಡಲಿಲ್ಲ; ತಿರುವದಿಗೈ ಕ್ಷೇತ್ರದ ಶಿವಾಲಯದ ಅಂಗಳವನ್ನು ಗುಡಿಸುತ್ತ, ಸಾರಿಸುತ್ತ, ಹೂಮಾಲೆಯನ್ನು ಕಟ್ಟುತ್ತ ದಿನಗಳೆದಳು. ಒಂದು ರಾತ್ರಿ ಹೊಟ್ಟೆಯ ಶೂಲೆಯಿಂದ ನರಳುತ್ತ ತಮ್ಮನು ಬಾಗಿಲಿಗೆ ಬಂದಾಗ, ಏನೂ ಕೇಳದೆ ಅವನ ಕೈಗೆ ವಿಭೂತಿಯನ್ನು ಕೊಟ್ಟಳು. ಅಂದಿನಿಂದ ಆತನ ಬಾಯಿಂದ ಹಾಡುಗಳು ಹೊರಟವು. ಅರುವತ್ತುಮೂವರ ಎಣಿಕೆಯಲ್ಲಿ ತಮ್ಮನಿರುವನು, ಅಕ್ಕನಿಲ್ಲ. ಆದರೂ ಆ ಕಥೆಯನ್ನು ಕೇಳಿದವರ ಕಣ್ಣಿನಲ್ಲಿ ನೀರು ಬರುವುದು ಯಾರಿಗಾಗಿಯೆಂದು ಕೇಳಿದವರೇ ಬಲ್ಲರು.

ನಾಗಮ್ಮನವರ ಸ್ಥಿತಿಯು ತಿಲಕವತಿಯದಕ್ಕಿಂತ ಒಂದು ವಿಷಯದಲ್ಲಿ ಬೇರೆ. ಅಲ್ಲಿ ಅಕ್ಕನು ನಿಂತಲ್ಲಿಯೇ ನಿಂತಳು, ತಮ್ಮನು ತಿರುಗಿ ಬಂದನು. ಇಲ್ಲಿ ತಮ್ಮನು ಮುಂದೆ ಮುಂದೆ ನಡೆದನು. ಅಕ್ಕನು ಒಂದೊಂದು ಊರಿನಲ್ಲಿಯೂ ಹೊಸದಾಗಿ ಒಲೆಹೂಡಿ ಮನೆಯನ್ನು ಕಟ್ಟಬೇಕಾಯಿತು. ಕೂಡಲಸಂಗಮ, ಮಂಗಳವಾಡ, ಕಲ್ಯಾಣ. ಅಕ್ಕನವರ ಪತಿಯನ್ನು ಶಿವದೇವರೆಂದು ಕೆಲವರು ಹೇಳುವರು. ಚೆನ್ನಬಸವಣ್ಣನವರ ಜನನವನ್ನು ಪುರಾಣಕಾರರು ಪ್ರಸಾದದ ಮಹಿಮೆಯೊಡನೆ ವರ್ಣಿಸಿರುವರು. ಅದು ಭಕ್ತಿಯ ಮಾತು. ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಕಲ್ಯಾಣದ ಮಹಾಮನೆಯಲ್ಲಿ ದಿನದಿನವೂ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹವು ನಡೆಯುತ್ತಿದ್ದಿತೆಂದು ಪರಂಪರೆಯು ಹೇಳುವುದು. ಸಂಖ್ಯೆಯ ವಿಷಯದಲ್ಲಿ ತರ್ಕ ಮಾಡುವವರು ಮಾಡಲಿ. ಅದರ ನೂರರಲ್ಲೊಂದು ಪಾಲು ಜನವೇ ಉಂಡರೆಂದಿಟ್ಟುಕೊಂಡರೂ ಸಾವಿರದೊಂಬೈನೂರ ಅರುವತ್ತು ಎಡೆಗಳಾದವು! ಜೋಳವನ್ನು ಹಸನು ಮಾಡಬೇಕು, ಬೀಸುವ ಕಲ್ಲಿನ ಮುಂದೆ ಕೋಳಿ ಕೂಗುವ ಮೊದಲೇ ಕೂಡಬೇಕು, ಒಲೆಗೆ ಕಟ್ಟಿಗೆಯು ಒಣಗಿರಬೇಕು, ಮಜ್ಜಿಗೆಯು ಹುಳಿಯಾಗಿರಬಾರದು, ಹೊತ್ತು ಮೀರಿ ಬಂದ ಒಬ್ಬನಿಗಾದರೂ ರೊಟ್ಟಿ ಮಿಕ್ಕಿರಬೇಕು. ಮನೆಯಲ್ಲಿ ಗಂಗಾಂಬಿಕೆಯವರಿದ್ದರು, ನೀಲಾಂಬಿಕೆಯವರಿದ್ದರು. ಇಬ್ಬರೂ ವಚನಗಳನ್ನು ರಚಿಸಿದ ಜ್ಞಾನಿಗಳು. ಅವರೆಲ್ಲರ ನಡುವೆ ಹಿರಿಯರಾಗಿ ನಿಂತು ಮಹಾಮನೆಯ ಆಡಳಿತವನ್ನು ಅಕ್ಕನವರು ನೋಡಿಕೊಂಡರೆಂದು ಹಿರಿಯರು ಹೇಳುತ್ತ ಬಂದಿರುವರು. ಹಗಲೆಲ್ಲ ಅರಸನ ಲೆಕ್ಕಪತ್ರದಲ್ಲಿಯೂ ಸಂಜೆಯೆಲ್ಲ ಅನುಭವಗೋಷ್ಠಿಯಲ್ಲಿಯೂ ತೊಡಗಿದ ಬಸವಣ್ಣನವರು ಮನೆಯ ಚಿಂತೆಯನ್ನು ಮರೆತು ಇರಬಲ್ಲವರಾಗಿದ್ದರೆಂದರೆ, ಮನೆಯನ್ನು ಮರೆಯದವರೊಬ್ಬರು ಒಳಗಿದ್ದರೆಂದೇ ಅರ್ಥ. ದಾಸೋಹವೆಂಬ ತತ್ವವನ್ನು ಕುರಿತು ಉಪನ್ಯಾಸಗಳು ಬಹಳವಾಗಿವೆ. ಬೀಸುಕಲ್ಲಿನ ಕುರಿತು ಕಡಿಮೆ.

ಅಕ್ಕನವರು ಒಲೆಯ ಮುಂದೆ ಮಾತ್ರ ಇದ್ದರೆಂದು ಯಾರಾದರೂ ತಿಳಿದರೆ ಅದು ತಪ್ಪು. ಅವರ ವಚನಗಳಲ್ಲಿ ಹದಿನೈದರ ಆಸುಪಾಸಿನಷ್ಟು ಇಂದು ದೊರೆಯುತ್ತವೆ. ೧೯೨೩ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಹೊರತಂದಂದಿನಿಂದ ಮೊದಲುಗೊಂಡು ತಾಡವೋಲೆಯ ಕಟ್ಟುಗಳನ್ನು ಬಿಚ್ಚಿ ಓದಿದ ಮಹನೀಯರ ಪರಿಶ್ರಮದಿಂದ ಮೂವತ್ತಕ್ಕೂ ಮಿಕ್ಕ ಶರಣೆಯರ ವಚನಗಳು ಅಚ್ಚಾದವು. ಅವುಗಳಲ್ಲಿ ಇವರದೂ ಸೇರಿವೆ.        ಗುರುದೀಕ್ಷೆಯನ್ನು ಪಡೆದವನ ಜಾತಿಯನ್ನು ಕೇಳಲಾಗದೆಂಬ ಅರ್ಥದ ವಚನವೊಂದು ಅವರದುಂಟು. ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತರೆಂಬುದನ್ನು ದಿನವೂ ಕಣ್ಣಾರೆ ಕಂಡವರ ಮಾತು ಅದು.

ಅವರ ವಚನಗಳ ಮುದ್ರಿಕೆಯು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂಬುದು. ವಚನದ ಕೊನೆಯಲ್ಲಿ ಇಷ್ಟದೈವದ ಹೆಸರು ಬರುವುದು ರೂಢಿ. ಬಸವಣ್ಣನವರದು ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಯ್ಯ. ಅಕ್ಕನವರ ಮುದ್ರಿಕೆಯಲ್ಲಿ ತಮ್ಮನ ಹೆಸರೂ ಇದೆ. ಮಗನ ಮುದ್ರಿಕೆಯ ‘ಚೆನ್ನ’ ಎಂಬ ಮಾತೂ ಇದೆ. ಸಂಗಮದ ದೇವನೂ ಇದ್ದಾನೆ. ಹಡಪದಪ್ಪಣ್ಣನವರ ಪತ್ನಿ ಲಿಂಗಮ್ಮನವರು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’ ಎಂದು ಮುದ್ರಿಕೆಯನ್ನಿಟ್ಟು ಪತಿಯ ಹೆಸರನ್ನು ನಿಲ್ಲಿಸಿದರು. ಅದು ಲೋಕಕ್ಕೆ ಸಹಜವೆಂದು ಕಾಣುವುದು. ಒಡಹುಟ್ಟಿದವನ ಹೆಸರನ್ನು ದೇವರ ಹೆಸರಿನ ಮುಂದಿಟ್ಟು ಹಾಡಿದವರು ಅಪೂರ್ವ. ಬಸವಣ್ಣನಿಗೆ ಯಾವ ದೇವನು ಪ್ರಿಯನೋ ಆ ದೇವನು ತನಗೂ ದೇವನೆಂದು ಕೆಲವರು ಇದನ್ನು ಅರ್ಥೈಸುವರು. ಬಸವಣ್ಣನು ಯಾವ ದೇವನಿಗೆ ಪ್ರಿಯನೋ ಎಂದು ಕೆಲವರು. ವ್ಯಾಕರಣವು ಎರಡಕ್ಕೂ ಎಡೆಗೊಡುವುದು. ಸಮಾಸವನ್ನು ಬಿಡಿಸುವ ಗೊಡವೆಗೆ ಅಕ್ಕನವರು ಹೋಗಿರಲಾರರು.

ಒಡಹುಟ್ಟಿದವರ ಮುದ್ರಿಕೆಯೆಂದಾಗ ಮುಕ್ತಾಯಕ್ಕನವರ ಹೆಸರನ್ನೂ ಹೇಳದಿದ್ದರೆ ಅಪಚಾರವಾದೀತು. ತನ್ನ ಅಣ್ಣ ಅಜಗಣ್ಣನನ್ನೇ ಗುರುವೆಂದು ನಂಬಿ, ಆತನು ಅಗಲಿದಾಗ ತಾಳಲಾರದೆ ದುಃಖಿಸಿ, ಅಲ್ಲಮಪ್ರಭುಗಳೊಡನೆ ಸಮಸಮವಾಗಿ ಸಂವಾದ ಮಾಡಿದ ತಂಗಿ ಅವರು. ಅಜಗಣ್ಣನ ಹೆಸರೇ ಅವರ ಮುದ್ರಿಕೆ. ಶೂನ್ಯಸಂಪಾದನೆಯಲ್ಲಿ ಆ ಸಂವಾದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಆ ತಂಗಿಯು ತನ್ನ ಅಳಲನ್ನು ಮಾತಿನಲ್ಲಿ ಹೊರಗೆಡವಿದರು. ಈ ಅಕ್ಕನವರ ಅಳಲಿಗೆ ಅಂತಹ ಸಂವಾದವೊಂದು ಒದಗಲಿಲ್ಲ. ಅಳುತ್ತ ಕೂಡುವುದಕ್ಕೆ ಹೊತ್ತೇ ಸಿಕ್ಕಲಿಲ್ಲವೆಂದರೂ ಸಲ್ಲುವುದು.

ಆ ಹೊತ್ತು ಬಂದುದು ೧೧೬೭ರ ಸುಮಾರಿಗೆ. ಮಧುವರಸರ ಮನೆಗೂ ಹರಳಯ್ಯನವರ ಮನೆಗೂ ಆದ ಮದುವೆಯ ಸಂಬಂಧ, ಅದರಿಂದ ಕಲ್ಯಾಣದಲ್ಲಿ ಎದ್ದ ಕೋಲಾಹಲ, ಆ ಇಬ್ಬರು ಶರಣರಿಗೆ ಅರಸನು ವಿಧಿಸಿದ ಕ್ರೂರವಾದ ಮರಣದಂಡನೆ, ಬಿಜ್ಜಳನ ಅಂತ್ಯ, ಇವೆಲ್ಲವೂ ಸಭೆಯಲ್ಲಿ ಕುಳಿತ ಎಲ್ಲರಿಗೂ ತಿಳಿದ ಕಥೆ. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಎಳವೆಯ ಕೂಡಲಸಂಗಮಕ್ಕೆ ತಿರುಗಿದರು. ಅಲ್ಲಿಂದ ಹಡಪದಪ್ಪಣ್ಣನವರ ಮುಖಾಂತರ ನೀಲಾಂಬಿಕೆಯವರಿಗೆ ಕರೆ ಕಳಿಸಿದರೆಂಬ ಕಥೆಯೂ ಪ್ರಸಿದ್ಧ. ಅಕ್ಕನವರನ್ನು ಕರೆಯಿಸಿಕೊಂಡ ಕಥೆಯಿಲ್ಲ. ಅವರು ಇರಬೇಕಾದ ಎಡೆಯು ಕಲ್ಯಾಣವೇ ಆಗಿದ್ದಿತು. ಅಲ್ಲಿ ಹರೆಯದ ಮಗನಿದ್ದನು, ದಿಕ್ಕುಗೆಟ್ಟ ಶರಣರ ಹಿಂಡಿದ್ದಿತು, ಕಟ್ಟುಕಟ್ಟಾಗಿ ವಚನದ ಓಲೆಗಳಿದ್ದವು.

ಬಸವಣ್ಣನವರು ಲಿಂಗೈಕ್ಯರಾದುದು ಶ್ರಾವಣ ಶುದ್ಧ ಪಂಚಮಿಯಂದು ಎಂದು ಪರಂಪರೆಯ ನಂಬಿಗೆ. ಆ ದಿನವನ್ನು ಬಸವಪಂಚಮಿಯೆಂದು ಆಚರಿಸುವವರು ಇಂದು ಬಹಳ ಮಂದಿ ಇರುವರು. ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೇನೆಂಬುದನ್ನು ಇಲ್ಲಿರುವ ಅಕ್ಕತಂಗಿಯರಿಗೆ ತಿಳಿಸಬೇಕಾಗಿಲ್ಲ. ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ಯುವ ಹಬ್ಬವದು. ಮರಕ್ಕೆ ಜೋಕಾಲಿ ಕಟ್ಟುವ, ತರತರದ ಉಂಡಿ ಕಟ್ಟುವ, ತವರಿನ ಅಂಗಳದಲ್ಲಿ ಮತ್ತೆ ಎಳೆಯರಾಗುವ ದಿನವದು. ನಾಗಮ್ಮನೆಂಬ ಹೆಸರಿನ ಅಕ್ಕನಿಗೆ ನಾಗರಪಂಚಮಿಯ ದಿನವೇ ತಮ್ಮನು ಇಲ್ಲವಾದನು. ತಂದೆಯ ಮನೆಯ ತವರು ಬಾಗೇವಾಡಿಯಲ್ಲಿಯೇ ಮುಗಿದಿದ್ದಿತು. ತಮ್ಮನೇ ತವರೆಂದು ನಡೆದುಬಂದಿದ್ದವರಿಗೆ ಆ ತವರೂ ಸಂಗಮದ ನೀರಿನ ಮಡಿಲಲ್ಲಿ ಉಳಿಯಿತು. ಇಂದು ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಆ ಐಕ್ಯಸ್ಥಳವನ್ನು ಸುತ್ತುಗಟ್ಟಿರುವುದರಿಂದ, ಎತ್ತರವಾಗಿ ಕಟ್ಟಿದ ಗೋಡೆಯೊಳಗಿನ ಮೆಟ್ಟಿಲುಗಳನ್ನಿಳಿದು ಭಕ್ತರು ದರ್ಶನ ಪಡೆಯುವರು.

ಮುಂದಿನದು ಕಾಡಿನ ಹಾದಿ. ಶರಣರು ತಂಡತಂಡವಾಗಿ ಚದುರಿದರು; ಒಂದು ತಂಡವು ಪಡುವಣ ಘಟ್ಟದ ಕಡೆಗೆ ಸಾಗಿತು. ಅದರ ಮುಂದಾಳುಗಳು ಚೆನ್ನಬಸವಣ್ಣನವರು, ಜೊತೆಯಲ್ಲಿ ಅಕ್ಕನವರು. ಬೆನ್ನಟ್ಟಿ ಬಂದ ದಂಡಿಗೂ ಶರಣರಿಗೂ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಹೇಳುವರು. ಇಂದು ಅದನ್ನು ಕಾದರೊಳ್ಳಿಯೆನ್ನುವರು, ಕಿತ್ತೂರಿನ ಸೀಮೆಯಲ್ಲಿ ಮಲಪ್ರಭೆಯ ದಡದಲ್ಲಿರುವುದು. ಅದೇ ಹೊಳೆಯ ದಡದ ಹುಬ್ಬಳ್ಳಿಯಲ್ಲಿ, ಅಂದರೆ ಎಂ. ಕೆ. ಹುಬ್ಬಳ್ಳಿಯೆಂಬ ಊರಿನಲ್ಲಿ, ಗಂಗಾಂಬಿಕೆಯವರು ಐಕ್ಯರಾದ ಸ್ಥಳವನ್ನು ತೋರಿಸುವರು. ಹೀಗೆ ಹಾದಿಯುದ್ದಕ್ಕೂ ಒಬ್ಬೊಬ್ಬರನ್ನು ಕಳೆದುಕೊಳ್ಳುತ್ತ ನಡೆದ ಪ್ರಯಾಣವದು. ಆ ಪ್ರಯಾಣದಲ್ಲಿ ಅಕ್ಕನವರು ಕತ್ತಿ ಹಿಡಿದು ಕಾದಿದರೆಂದು ಹಾಡುವವರುಂಟು. ಹಾಡಲಿ, ಅದು ಅವರ ಭಕ್ತಿ. ಆದರೆ ದಂಡೊಂದು ಹಿಂದೆ ಬರುತ್ತಿರುವಾಗ ಮುದುಕರಿಗೂ ಕೂಸುಗಳಿಗೂ ಅಂಬಲಿ ಕಾಸಿ ಹೊಯ್ಯುವುದು, ಗಾಯಗೊಂಡವರ ಬಳಿ ಕೂಡುವುದು, ಮಳೆಯಲ್ಲಿ ತೊಯ್ಯದಂತೆ ಓಲೆಯ ಕಟ್ಟ ಸುತ್ತಿಕೊಳ್ಳುವುದು, ಇವು ಕತ್ತಿ ಹಿಡಿಯುವುದಕ್ಕಿಂತ ಸುಲಭವಾದ ಕೆಲಸಗಳೆಂದು ಯಾರೂ ತಿಳಿಯಲಾಗದು. ಆ ಹಾದಿಯಲ್ಲಿ ನಡೆದವರಲ್ಲಿ ಯಾರ ಬೆನ್ನ ಮೇಲೆ ಯಾವ ಕಟ್ಟು ಇದ್ದಿತೋ! ಇಂದು ಓದುವ ವಚನಗಳಲ್ಲಿ ಎಷ್ಟೋ ಅಂತಹ ಬೆನ್ನುಗಳ ಮೇಲೆ ಉಳಿದುಬಂದುವೆಂಬುದೇ ಶರಣಸಮಾಜದ ದೃಢವಾದ ನಂಬಿಗೆ.

ಉಳವಿಯು ಈಗಿನ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿರುವುದು. ದಟ್ಟವಾದ ಅಡವಿ, ಬಿಡದೆ ಸುರಿಯುವ ಮಳೆ, ಬಂಡೆಗಳ ನಡುವೆ ಗವಿಗಳು. ಮಾಘಮಾಸದ ಜಾತ್ರೆಗೆ ಧಾರವಾಡ ಬೆಳಗಾವಿಗಳ ಕಡೆಯಿಂದ ಸಾಲುಸಾಲಾಗಿ ಚಕ್ಕಡಿಗಳು ಘಟ್ಟದ ಹಾದಿಯಲ್ಲಿ ಬರುವುದನ್ನು ಕಂಡವರು, ಬಯಲುಸೀಮೆಯ ಜನರು ಅಂದು ಈ ಕಾಡನ್ನು ಹೊಕ್ಕಾಗ ಹೇಗಿದ್ದೀತೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಬಲ್ಲರು. ಅಲ್ಲಿಯ ಗವಿಗಳಲ್ಲೊಂದನ್ನು ಅಕ್ಕನಾಗಮ್ಮನ ಗವಿಯೆಂದು ಕರೆಯುವರು. ಇನ್ನೊಂದು ಮಹಾಮನೆಯ ಗವಿ. ಕಲ್ಯಾಣದ ಮಹಾಮನೆಯ ಹೆಸರನ್ನು ಒಂದು ಕಲ್ಲುಗವಿಗೆ ಇಟ್ಟ ಆ ಜನರ ಛಲವನ್ನು ಏನೆನ್ನಬೇಕು! ಒಲೆ ಹೊತ್ತಿದಲ್ಲಿ, ಬಂದವರಿಗೆ ಎಡೆಯಿದ್ದಲ್ಲಿ, ಮಹಾಮನೆಯೇ.

ಆ ಉಳವಿಯಲ್ಲಿಯೇ ಚೆನ್ನಬಸವಣ್ಣನವರು ಎಳೆಯ ಪ್ರಾಯದಲ್ಲಿ ಲಿಂಗೈಕ್ಯರಾದರು. ಷಟ್ಸ್ಥಲಚಕ್ರವರ್ತಿಯೆಂದು ಶಾಸ್ತ್ರಜ್ಞರು ಕೊಂಡಾಡುವ, ಬಸವಣ್ಣನವರೇ ತಮಗಿಂತ ಮಿಗಿಲೆಂದು ಭಾವಿಸಿದ ಆ ಜ್ಞಾನಿಯು ತಾಯಿಯ ಪಾಲಿಗೆ ಮಗನೇ ಆಗಿದ್ದನಷ್ಟೆ. ತೊಟ್ಟಿಲು ತೂಗಿದ ತಮ್ಮನನ್ನೂ, ಹೊತ್ತು ಹೆತ್ತ ಮಗನನ್ನೂ ಕಳಿಸಿಕೊಟ್ಟ ಮೇಲೆ ಅಕ್ಕನವರಿಗೆ ನಡೆಯಬೇಕಾದ ಹಾದಿಯು ಇನ್ನೂ ಉಳಿದಿದ್ದಿತು. ಅವರು ಘಟ್ಟದ ಸೆರಗನ್ನು ಹಿಡಿದು ತೆಂಕಣಕ್ಕೆ ನಡೆದರೆಂದು ಪ್ರತೀತಿ. ಯಾರಿಗಾಗಿ ನಡೆದರು? ತಮ್ಮನಿಲ್ಲ, ಮಗನಿಲ್ಲ, ಸೇರಬೇಕಾದ ತವರಿಲ್ಲ. ಜೊತೆಯಲ್ಲಿ ಉಳಿದ ಶರಣರಿದ್ದರು. ಅವರೆಲ್ಲರೂ ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಬಾಗೇವಾಡಿಯ ಒಬ್ಬ ಕೂಸು ಕರೆದ ಹೆಸರನ್ನು ಆಗ ಕರೆಯುವವರು ನೂರಾರು ಮಂದಿ.

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಸೀಮೆಯಲ್ಲಿ, ಎಣ್ಣೆಹೊಳೆಯೆಂಬಲ್ಲಿ, ಅಕ್ಕನವರು ಐಕ್ಯರಾದರೆಂದು ನಂಬಿದ ಭಕ್ತರು ಅವರ ಗದ್ದುಗೆಗೆ ಎರಗುವರು. ತೆಂಗು ಅಡಕೆಗಳ ತಂಪಿನ ನಾಡು ಅದು. ಜೋಳ ಬೆಳೆಯುವ ಬಾಗೇವಾಡಿಯ ಕರಿಯ ಹೊಲಗಳಿಂದ ಬಹು ದೂರ. ನಡುವೆ ಕೃಷ್ಣೆ, ಮಲಪ್ರಭೆ, ತುಂಗಭದ್ರೆಗಳು ಹರಿಯುತ್ತಿವೆ.